ಒಬೈದ್ ಸಿದ್ದಿಕಿ ಅವರ ಸಂಶೋಧನೆಯ ಪ್ರಭಾವವನ್ನು ಯಾವ ಅಳತೆಗೋಲಿನಿಂದ ನೋಡಬೇಕು?

ಪ್ರಶ್ನೆ — ಪ್ರಾಣಿಶಾಸ್ತ್ರ ಬೋಧಕ, ಧಾರವಾಡ

ಮಾನ್ಯರೇ,

ನಾನು ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಭಾರತದ ಜೀವವಿಜ್ಞಾನಿಗಳನ್ನು ಕುರಿತು ಕನ್ನಡದಲ್ಲಿ ಬರಲಿರುವ ಲೇಖನ ಸಂಗ್ರಹವೊಂದಕ್ಕೆ ಒಬೈದ್ ಸಿದ್ದಿಕಿ ಅವರ ಬಗ್ಗೆ ಬರೆದುಕೊಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಅವರ ಬದುಕಿನ ಹೊರರೇಖೆಯನ್ನು ಬರೆಯುವುದು ಕಷ್ಟವಾಗಲಿಲ್ಲ. 1932ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿ, ಅಲಿಗಢದಲ್ಲಿ ಓದಿ, ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಗೈಡೊ ಪಾಂಟೆಕೋರ್ವೊ ಅವರ ಮಾರ್ಗದರ್ಶನದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ತಳಿವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿದ ಅವರು, ಅಮೆರಿಕದಲ್ಲಿ ಅಲನ್ ಗ್ಯಾರನ್ ಅವರ ಜೊತೆ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿ, 1962ರಲ್ಲಿ ಹೋಮಿ ಭಾಭಾ ಅವರ ಕರೆಯ ಮೇರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಅಲ್ಲಿ ಆಣವಿಕ ಜೀವವಿಜ್ಞಾನದ ಘಟಕವನ್ನು ಕಟ್ಟಿದರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಸೀಮೋರ್ ಬೆಂಜರ್ ಅವರ ಜೊತೆಗೂಡಿ ಹಣ್ಣುನೊಣದ ನರಮಂಡಲದ ಅಧ್ಯಯನಕ್ಕೆ ಹೊರಳಿದರು. ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮೊದಲ ನಿರ್ದೇಶಕರಾದರು. ಪದ್ಮವಿಭೂಷಣ, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವಿದೇಶಿ ಸದಸ್ಯತ್ವ ಎಲ್ಲವೂ ಬಂದವು. 2013ರ ಜುಲೈನಲ್ಲಿ ಬೆಂಗಳೂರಿನಲ್ಲಿ ರಸ್ತೆ ಅಪಘಾತಕ್ಕೀಡಾಗಿ ತೀರಿಕೊಂಡರು.

ಇಲ್ಲಿಂದ ಮುಂದೆ ನನ್ನ ಕೈ ಓಡುತ್ತಿಲ್ಲ. ಪ್ರತಿ ಲೇಖನದ ಕೊನೆಯಲ್ಲಿ ಆ ವಿಜ್ಞಾನಿಯ ಲೇಖನಗಳನ್ನು ಬೇರೆ ಸಂಶೋಧಕರು ಎಷ್ಟು ಸಲ ಹೆಸರಿಸಿದ್ದಾರೆಂಬ ಒಟ್ಟು ಉಲ್ಲೇಖಗಳ ಸಂಖ್ಯೆಯನ್ನೂ ಎಚ್-ಸೂಚ್ಯಂಕವನ್ನೂ (ಎಷ್ಟು ಲೇಖನಗಳಿಗೆ ಕನಿಷ್ಠ ಅಷ್ಟೇ ಉಲ್ಲೇಖಗಳು ಸಿಕ್ಕಿವೆ ಎಂಬ ಅಳತೆ) ಚೌಕಟ್ಟಿನಲ್ಲಿ ಕೊಡಬೇಕೆಂದು ಸಂಪಾದಕರು ಕೇಳಿದ್ದಾರೆ. ನಾನು ನೋಡಿದ ಎರಡು ದತ್ತಸಂಚಯಗಳಲ್ಲಿ ಎರಡು ಬೇರೆ ಸಂಖ್ಯೆಗಳಿವೆ, ಮತ್ತು ಆ ಎರಡರಲ್ಲಿ ಯಾವುದೂ ಒಬ್ಬ ಮನುಷ್ಯ ಐವತ್ತು ವರ್ಷ ಪ್ರಯೋಗಾಲಯದಲ್ಲಿ ಏನು ಮಾಡಿದ ಎಂಬುದನ್ನು ನನಗೆ ಹೇಳುತ್ತಿಲ್ಲ. ಇನ್ನೊಂದು ವಿಷಯವನ್ನೂ ಹೇಳಬೇಕು. ಕಳೆದ ವಾರ ತರಗತಿಯಲ್ಲಿ ಇವರ ಹೆಸರೆತ್ತಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಸಿ. ವಿ. ರಾಮನ್ ಅಂದರೆ ಬೆಳಕಿನ ಚದುರುವಿಕೆ ಅಂತ ಹೇಳಬಹುದು, ಇವರು ಕಂಡುಹಿಡಿದದ್ದು ಏನು ಅಂತ ಒಂದು ಮಾತಿನಲ್ಲಿ ಹೇಳ್ತೀರಾ?" ಎಂದು ಕೇಳಿದಳು. ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಪ್ರಶಸ್ತಿಗಳ ಪಟ್ಟಿಯನ್ನು ಓದಿ ಹೇಳಿ ಆ ಹುಡುಗಿಯನ್ನು ಕೂರಿಸಿದೆನೆಂಬ ಸಂಕಟ ಇನ್ನೂ ಇದೆ.

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಇವರ ಕೆಲಸದಲ್ಲಿ ಮುಂದಿನವರು ನಿಜವಾಗಿ ಕೈಗೆತ್ತಿಕೊಂಡು ಬಳಸಿದ್ದು ಯಾವುದು? ಉಲ್ಲೇಖ ಸಂಖ್ಯೆಯನ್ನು ಕೊಡದೆ, ಅಥವಾ ಕೊಟ್ಟರೂ ಅದನ್ನು ನೆಚ್ಚಿಕೊಳ್ಳದೆ, ಅದನ್ನು ಓದುಗರಿಗೆ ತೋರಿಸುವುದು ಹೇಗೆ?

ಉತ್ತರ 1 — ಗಂಗೋತ್ರಿಯ ಹಳೆಯ ವಿದ್ಯಾರ್ಥಿನಿ

ಸರ್, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಒಂದು ಮಾತಿನ ಉತ್ತರ ನನ್ನಲ್ಲೂ ಇಲ್ಲ. ಆದರೆ ಆಕೆಗೆ ಕಣ್ಣಿಗೆ ಕಟ್ಟುವಂತೆ ಹೇಳಬಹುದಾದ ಒಂದು ಪ್ರಯೋಗವಿದೆ. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದಿದವಳು. ಅಲ್ಲಿ ಡ್ರೊಸೊಫಿಲಾ ಎಂಬ ಹಣ್ಣುನೊಣದ ತಳಿಗಳನ್ನು ಕಾಪಾಡಿಕೊಂಡು ಬರುವ ದೊಡ್ಡ ಸಂಗ್ರಹ ಕೇಂದ್ರವಿದೆ; ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಗಂಜಿಯನ್ನು ಬಾಟಲಿಗಳಿಗೆ ಹುಯ್ಯುವ ಕೆಲಸದಿಂದಲೇ ನಮ್ಮ ಕಲಿಕೆ ಶುರುವಾಗಿತ್ತು. ಆ ಬೆಲ್ಲದ ಪಾಕದ ವಾಸನೆಯಲ್ಲಿಯೇ ನಾನು ಸಿದ್ದಿಕಿ ಅವರ ಹೆಸರನ್ನು ಮೊದಲ ಬಾರಿ ಕೇಳಿದ್ದು. ಈಗ ಹೊರದೇಶದ ಪ್ರಯೋಗಾಲಯವೊಂದರಲ್ಲಿ ನೊಣದ ನರಕೋಶಗಳ ಮೇಲೆಯೇ ಕೆಲಸ ಮಾಡುತ್ತಿದ್ದೇನೆ.

ಪ್ರಯೋಗ ಇದು. ಗಾಜಿನ ಸಣ್ಣ ನಳಿಕೆಯಲ್ಲಿ ಹತ್ತು ಸಾಮಾನ್ಯ ನೊಣಗಳನ್ನೂ ಇನ್ನೊಂದು ನಳಿಕೆಯಲ್ಲಿ ವಂಶವಾಹಿಯೊಂದು ಕೆಟ್ಟಿರುವ 'ಕೋಮಟೋಸ್' ಎಂಬ ತಳಿಯ ಹತ್ತು ನೊಣಗಳನ್ನೂ ಹಾಕಿ, ಎರಡನ್ನೂ 38 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇಳಿಬಿಡಿ. ಸಾಮಾನ್ಯ ನೊಣಗಳು ಗಾಜಿನ ಮೇಲೆ ಹತ್ತುತ್ತ ಇಳಿಯುತ್ತ ಗಾಬರಿಯಲ್ಲಿ ಓಡಾಡುತ್ತವೆ. ಕೋಮಟೋಸ್ ನೊಣಗಳ ಕಾಲುಗಳು ಕೆಲವೇ ನಿಮಿಷಗಳಲ್ಲಿ ತಡವರಿಸತೊಡಗುತ್ತವೆ, ಹತ್ತಿದವು ಜಾರುತ್ತವೆ, ಕೊನೆಗೆ ಒಂದೊಂದಾಗಿ ಬೆನ್ನಡಿಯಾಗಿ ಬಿದ್ದು ಅಲುಗಾಡದೆ ಮಲಗುತ್ತವೆ. ನಳಿಕೆಯನ್ನು ಹೊರತೆಗೆದು ತಣ್ಣಗಾಗಲು ಬಿಟ್ಟರೂ ಅವು ತಟ್ಟನೆ ಏಳುವುದಿಲ್ಲ. ಇದೇ ರೀತಿ ಬಿಸಿಗೆ ಬೀಳುವ 'ಪ್ಯಾರ' ಎಂಬ ಇನ್ನೊಂದು ತಳಿ 29 ಡಿಗ್ರಿಗೇ ಬಿದ್ದುಬಿಡುತ್ತದೆ, ತಣ್ಣಗಾದೊಡನೆ ಏನೂ ಆಗಿಲ್ಲವೆಂಬಂತೆ ಎದ್ದು ನಡೆಯುತ್ತದೆ. ಕೋಮಟೋಸ್ ಹಾಗಲ್ಲ, ಬಹಳ ಹೊತ್ತು ಬಿದ್ದೇ ಇರುತ್ತದೆ. ಮೊದಲ ಸಲ ಇದನ್ನು ನೋಡಿದ ದಿನ ನಾನು ಅವೆಲ್ಲ ಸತ್ತವೆಂದೇ ತಿಳಿದು ನಳಿಕೆಯನ್ನು ತೊಳೆಯಲು ಇಟ್ಟಿದ್ದೆ. ಹಿಂದಿರುಗಿ ಬಂದಾಗ ಒಂದು ಕಾಲು ಆಡುತ್ತಿತ್ತು, ಆಮೇಲೆ ಇನ್ನೊಂದು.

1976ರಲ್ಲಿ ಸಿದ್ದಿಕಿ ಮತ್ತು ಬೆಂಜರ್ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ಬೀಳುವಿಕೆಯ ಬಗ್ಗೆಯೇ ಇದೆ. ನೊಣ ಬೀಳುತ್ತದೆ ಎಂದು ಬರೆದು ಅವರು ನಿಲ್ಲಿಸಲಿಲ್ಲ. ರೆಕ್ಕೆ ಬಡಿಸುವ ಸ್ನಾಯುಗಳಿಗೆ ಕೂದಲಿಗಿಂತ ಸಣ್ಣ ಎಲೆಕ್ಟ್ರೋಡ್ ಚುಚ್ಚಿ, ನರಗಳನ್ನು ಪ್ರಚೋದಿಸಿ, ಬಿಸಿಯೇರಿದಂತೆ ವಿದ್ಯುತ್ ಸಂಕೇತ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ತುಂಡಾಗುತ್ತದೆ ಎಂದು ಹುಡುಕಿದರು. ಒಂದೇ ಒಂದು ವಂಶವಾಹಿ ಕೆಟ್ಟರೆ ನರಸಂಕೇತದ ಯಾವ ಹಂತ ಕೆಡುತ್ತದೆ ಎಂದು ಕೇಳುವ ಈ ರೀತಿ ಆಗ ಹೊಸದು. ಎರಡು ಮಿಲಿಮೀಟರಿನಷ್ಟು ಉದ್ದದ ಜೀವಿಯಲ್ಲಿ ಆ ಕೆಲಸ ಎಷ್ಟು ನಾಜೂಕಿನದೆಂದು ಎಲೆಕ್ಟ್ರೋಡ್ ಹಿಡಿದವರಿಗೆ ಗೊತ್ತು.

ಅದರ ಫಲ ಕಾಣಿಸಿದ್ದು ಬಹಳ ತಡವಾಗಿ. ಪ್ಯಾರ ವಂಶವಾಹಿಯನ್ನು 1989ರಲ್ಲಿ ಪ್ರತ್ಯೇಕಿಸಿ ಓದಿದಾಗ ಅದು ಸೋಡಿಯಂ ಚಾನೆಲ್ ಎಂಬ ಪ್ರೋಟೀನನ್ನು ರೂಪಿಸುತ್ತದೆಂದು ತಿಳಿಯಿತು. ನರದುದ್ದಕ್ಕೂ ಸಂಕೇತ ಓಡುವುದು ಈ ಚಾನೆಲ್ ತೆರೆದು ಮುಚ್ಚುವುದರಿಂದ. ನಮ್ಮ ಮನೆಗಳಲ್ಲಿ ಹಚ್ಚುವ ಸೊಳ್ಳೆಬತ್ತಿಯ ಪೈರೆಥ್ರಾಯ್ಡ್ ವಿಷ ಹಿಡಿದು ಕೂರುವುದೂ ಇದನ್ನೇ. ಬಿಸಿಗೆ ಬೀಳುವ 'ಶಿಬಿರೆ' ಎಂಬ ಮೂರನೆಯ ತಳಿಯಲ್ಲಿ ಕೆಟ್ಟಿರುವುದು, ನರಕೋಶದ ತುದಿಯಲ್ಲಿ ಸಂದೇಶದ ಚೀಲಗಳನ್ನು ಮತ್ತೆ ಕಟ್ಟಿಕೊಳ್ಳಲು ಬೇಕಾದ ಡೈನಮಿನ್ ಎಂಬ ಪ್ರೋಟೀನು ಎಂದು 1991ರಲ್ಲಿ ಗೊತ್ತಾಯಿತು. ಕೋಮಟೋಸ್ ಮಾತ್ರ 1995ರವರೆಗೆ ಕಾಯಬೇಕಾಯಿತು. ಅದರಲ್ಲಿ ಕೆಟ್ಟಿದ್ದು ಎನ್‌ಎಸ್‌ಎಫ್ ಎಂಬ ಪ್ರೋಟೀನು. ಇದನ್ನು ಜೇಮ್ಸ್ ರಾತ್‌ಮನ್ ಅವರ ಪ್ರಯೋಗಾಲಯದವರು 1988ರಲ್ಲಿ ಬೇರೆಯದೇ ದಾರಿಯಿಂದ, ಕೋಶಗಳನ್ನು ಅರೆದು ಶುದ್ಧೀಕರಿಸುವ ಜೀವರಸಾಯನದ ದಾರಿಯಿಂದ, ಕಂಡುಕೊಂಡಿದ್ದರು. ನರಕೋಶದ ತುದಿಯಲ್ಲಿ ರಾಸಾಯನಿಕ ತುಂಬಿದ ಸಣ್ಣ ಚೀಲಗಳು ಪೊರೆಗೆ ಅಂಟಿ ಒಡೆಯುವಾಗ ಕೆಲವು ಪ್ರೋಟೀನುಗಳು ಹಗ್ಗ ಹೊಸೆದಂತೆ ಒಂದಕ್ಕೊಂದು ಹೊಸೆದುಕೊಳ್ಳುತ್ತವೆ. ಆ ಹೊಸೆತವನ್ನು ಬಿಚ್ಚಿ ಎಳೆಗಳನ್ನು ಮತ್ತೆ ಬಳಕೆಗೆ ಸಿದ್ಧಗೊಳಿಸುವುದು ಎನ್‌ಎಸ್‌ಎಫ್‌ನ ಕೆಲಸ. ಬಿಸಿಯಲ್ಲಿ ಅದು ನಿಂತರೆ ಹೊಸೆದ ಹಗ್ಗಗಳು ರಾಶಿ ಬೀಳುತ್ತವೆ, ಬಿಡಿ ಎಳೆಗಳು ಸಿಗುವುದಿಲ್ಲ, ಸಂದೇಶ ನಿಲ್ಲುತ್ತದೆ. ತಣ್ಣಗಾದ ಮೇಲೂ ನೊಣ ಏಳಲು ಅಷ್ಟು ಹೊತ್ತು ಏಕೆ ಬೇಕೆಂಬುದು ಇದರಿಂದ ಅರ್ಥವಾಗುತ್ತದೆ: ರಾಶಿ ಬಿದ್ದದ್ದನ್ನೆಲ್ಲ ಬಿಚ್ಚಬೇಕಲ್ಲ. ಪ್ರನಾಳದಲ್ಲಿ ಕಂಡದ್ದು ಜೀವಂತ ಮಿದುಳಿನಲ್ಲೂ ನಿಜವೇ ಎಂದು ಪರೀಕ್ಷಿಸಬೇಕಾಗಿ ಬಂದಾಗ ಈ ನೊಣ ಸಿದ್ಧವಾಗಿ ಕಾದಿತ್ತು.

ಕೋಶದೊಳಗಿನ ಈ ಚೀಲಗಳ ಸಾಗಣೆಯ ಕೆಲಸಕ್ಕಾಗಿ ರಾತ್‌ಮನ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಘೋಷಣೆಯಾದದ್ದು 2013ರ ಅಕ್ಟೋಬರಿನಲ್ಲಿ. ಸಿದ್ದಿಕಿ ಅವರು ತೀರಿಕೊಂಡು ಆಗ ಮೂರು ತಿಂಗಳೂ ತುಂಬಿರಲಿಲ್ಲ.

ಶಿಬಿರೆಯ ಕಥೆಯನ್ನೂ ಸೇರಿಸಿಬಿಡುತ್ತೇನೆ, ಏಕೆಂದರೆ ನಾನು ದಿನವೂ ಬಳಸುವುದು ಅದನ್ನೇ. ಬೇಕೆಂದ ನರಕೋಶಗಳಲ್ಲಿ ಮಾತ್ರ ಆ ಕೆಟ್ಟ ವಂಶವಾಹಿಯನ್ನು ಕೂರಿಸಿ, ಬಿಸಿ ಮಾಡಿದಾಗ ಅವಷ್ಟೇ ಮೌನವಾಗುವಂತೆ, ತಣಿಸಿದಾಗ ಮತ್ತೆ ಮಾತಾಡುವಂತೆ ಮಾಡುವ ಉಪಾಯ 2001ರಲ್ಲಿ ಬಂತು. ನೊಣದ ನೆನಪು, ನಿದ್ದೆ, ಹಸಿವುಗಳ ಬಗ್ಗೆ ಆಮೇಲೆ ಬಂದ ಎಷ್ಟೋ ಲೇಖನಗಳ ಬೆನ್ನೆಲುಬು ಈ ಉಪಾಯ. ಅವುಗಳಲ್ಲಿ ಬಹುಪಾಲು 1976ರ ಲೇಖನವನ್ನು ಉಲ್ಲೇಖಿಸುವುದಿಲ್ಲ. ನಾನೂ ನನ್ನ ಲೇಖನಗಳಲ್ಲಿ ಉಲ್ಲೇಖಿಸಿಲ್ಲವೆಂಬುದು ಈ ಉತ್ತರ ಬರೆಯುವಾಗಲೇ ಹೊಳೆಯಿತು.

ಉತ್ತರ 2 — ವಿಜ್ಞಾನ ಚರಿತ್ರೆಯ ಓದುಗ

ಮೇಲಿನ ಉತ್ತರ ಬಹಳ ಚೆನ್ನಾಗಿದೆ. ಆದರೆ ಬೋಧಕರು ಅದನ್ನು ಆಧರಿಸಿ ಬರೆಯುವಾಗ ಯಾರದು ಯಾವುದು ಎಂಬುದನ್ನು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ಪ್ಯಾರ ತಳಿಯನ್ನು ಮೊದಲು ಕಂಡುಕೊಂಡವರು ಕೆನಡಾದಲ್ಲಿದ್ದ ಡೇವಿಡ್ ಸುಜುಕಿ ಮತ್ತು ಅವರ ಸಂಗಡಿಗರು, 1971ರಲ್ಲಿ. ಶಿಬಿರೆಯೂ ಅದೇ ಬಳಗದ್ದು, 1973ರದು. ಆ ಹೆಸರು ಜಪಾನಿ ಭಾಷೆಯಲ್ಲಿ ಜೋಮು ಹಿಡಿಯುವುದಕ್ಕೆ ಇರುವ ಮಾತು. ಸಿದ್ದಿಕಿ–ಬೆಂಜರ್ ಜೋಡಿ ಹೊಸದಾಗಿ ತಂದದ್ದು ಕೋಮಟೋಸ್, ಮತ್ತು ಮೂರನ್ನೂ ನರಗಳ ಕಾರ್ಯವಿಧಾನಕ್ಕೆ ಜೋಡಿಸಿದ ವಿದ್ಯುತ್ ದಾಖಲೆ. ವಂಶವಾಹಿಗಳನ್ನು ಪ್ರತ್ಯೇಕಿಸಿ ಓದಿದವರು ಮತ್ತೆ ಬೇರೆಯವರು. ನಮ್ಮವರೆಂಬ ಪ್ರೀತಿಯಿಂದ ಇವೆಲ್ಲವನ್ನೂ ಒಬ್ಬರ ಹೆಸರಿಗೆ ಬರೆದರೆ ತಿಳಿದ ಓದುಗರು ಇಡೀ ಲೇಖನವನ್ನೇ ಸಂಶಯದಿಂದ ನೋಡುತ್ತಾರೆ, ಮತ್ತು ಸಿದ್ದಿಕಿ ಅವರಿಗೆ ನ್ಯಾಯವಾಗಿ ಸಲ್ಲಬೇಕಾದುದೂ ಆ ಸಂಶಯದಲ್ಲಿ ಕೊಚ್ಚಿಹೋಗುತ್ತದೆ.

ವಾಸನೆಯ ಸಂಶೋಧನೆಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1978ರಲ್ಲಿ ವೆರೋನಿಕಾ ರೋಡ್ರಿಗ್ಸ್ ಮತ್ತು ಸಿದ್ದಿಕಿ, ವಾಸನೆ ಗ್ರಹಿಸುವುದರಲ್ಲಿ ಕುಂದುಳ್ಳ ನೊಣದ ತಳಿಗಳನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ಹುಡುಕಿ ತೆಗೆದು ಪ್ರಕಟಿಸಿದರು. ಇಬ್ಭಾಗವಾಗುವ ಗಾಜಿನ ಕೊಳವೆಯೊಳಗೆ ನೊಣಗಳನ್ನು ಬಿಟ್ಟು, ಒಂದು ಕವಲಿನಿಂದ ವಾಸನೆಯ ಗಾಳಿ, ಇನ್ನೊಂದರಿಂದ ಬರಿಯ ಗಾಳಿ ಬರುವಂತೆ ಮಾಡಿ, ಯಾವ ನೊಣ ಎತ್ತ ಹೋಯಿತೆಂದು ಎಣಿಸುವ ತಾಳ್ಮೆಯ ಕೆಲಸ ಅದು. ಎಲ್ಲ ವಾಸನೆಗಳಿಗೂ ಜಡವಾಗದೆ, ಒಂದು ಬಗೆಯ ರಾಸಾಯನಿಕಕ್ಕೆ ಮಾತ್ರ ಜಡವಾದ ತಳಿಗಳು ಅದರಲ್ಲಿ ಸಿಕ್ಕಿದವು. ಆದರೆ ನೊಣದ ವಾಸನಾ ಗ್ರಾಹಕಗಳ (ವಾಸನೆಯ ಅಣುಗಳನ್ನು ಹಿಡಿಯುವ ಪ್ರೋಟೀನುಗಳ) ವಂಶವಾಹಿಗಳು 1999ರಲ್ಲಿ ಸಿಕ್ಕಿದ್ದು ಈ ತಳಿಗಳ ಜಾಡು ಹಿಡಿದು ಅಲ್ಲ. ಅವು ಅಮೆರಿಕದ ಪ್ರಯೋಗಾಲಯಗಳಲ್ಲಿ ಆಣವಿಕ ವಿಧಾನಗಳಿಂದ, ಜೀನೋಮಿನ ಮಾಹಿತಿಯಿಂದ ಸಿಕ್ಕವು. ಸಿದ್ದಿಕಿ ಅವರ ತಳಿಗಳೇ ಆ ಶೋಧಕ್ಕೆ ದಾರಿ ಎಂದು ಕೆಲವು ಪತ್ರಿಕಾ ಬರಹಗಳ ಧಾಟಿ ಇರುತ್ತದೆ. ಅದನ್ನು ಒಪ್ಪಲಾಗದು.

ಹಾಗಾದರೆ ಆ ತಳಿಗಳಿಂದ ಸಿಕ್ಕಿದ್ದೇನು? ನನಗೆ ಅತ್ಯಂತ ಸೋಜಿಗವೆನಿಸಿದ ಸಂಗತಿ ಇಲ್ಲಿದೆ. ಅವರು 'ಓಲ್ಫ್-ಡಿ' ಎಂದು ಹೆಸರಿಟ್ಟ ತಳಿ, ಅಮೆರಿಕದ ಇನ್ನೊಂದು ಬಳಗ 'ಸ್ಮೆಲ್‌ಬ್ಲೈಂಡ್' ಎಂದು ಕರೆದ ತಳಿ, ಇವೆರಡೂ ಒಂದೇ ವಂಶವಾಹಿಯ ದೋಷಗಳೆಂದು 1980ರ ದಶಕದ ಕೊನೆಗೆ ತಿಳಿಯಿತು. 1990ರ ದಶಕದಲ್ಲಿ ಆ ವಂಶವಾಹಿಯ ಗುರುತು ಹತ್ತಿದಾಗ ಅದು ಪ್ಯಾರ ಆಗಿತ್ತು. ಅಂದರೆ ಪಾರ್ಶ್ವವಾಯುವಿನ ನೊಣದಲ್ಲಿ 1976ರಲ್ಲಿ ಸಿದ್ದಿಕಿ ಎಲೆಕ್ಟ್ರೋಡ್ ಹಿಡಿದು ಅಳೆದ ಸೋಡಿಯಂ ಚಾನೆಲ್ಲೇ, ಎರಡು ವರ್ಷದ ನಂತರ ವಾಸನೆಯ ಬಾಗಿಲಿನಿಂದ ಮತ್ತೆ ಅವರ ಕೈಸೇರಿತ್ತು, ಅದು ಅದೇ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಚಾನೆಲ್ ಪೂರ್ತಿ ನಿಂತರೆ ನೊಣ ಬೀಳುತ್ತದೆ, ಅದರ ಕೆಲಸ ಒಂದು ಬಗೆಯಲ್ಲಿ ಹದಗೆಟ್ಟರೆ ನೊಣ ನಡೆಯುತ್ತದೆ, ಹಾರುತ್ತದೆ, ವಾಸನೆ ಮಾತ್ರ ಹತ್ತುವುದಿಲ್ಲ. ಗ್ರಾಹಕವನ್ನು ಹುಡುಕಲು ಹೊರಟವರಿಗೆ ಗ್ರಾಹಕ ಸಿಗಲಿಲ್ಲ. ನರಮಂಡಲವೆಲ್ಲಕ್ಕೂ ಬೇಕಾದ ಒಂದು ಅಂಗದ ಸಣ್ಣ ದೋಷವೂ ಒಂದೇ ಇಂದ್ರಿಯದ ಮೇಲೆ ಎದ್ದು ಕಾಣಬಹುದೆಂಬ ತಿಳಿವು ಸಿಕ್ಕಿತು. ನಡವಳಿಕೆಯಿಂದ ವಂಶವಾಹಿಗೆ ಹೋಗುವ ದಾರಿ ಎಷ್ಟು ಬಳಸಿನದು ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಿಮ್ಮ ತರಗತಿಗೆ ಇದನ್ನು ಖಂಡಿತ ಒಯ್ಯಿರಿ.

ಉಲ್ಲೇಖ ಸಂಖ್ಯೆಯ ಬಗ್ಗೆ: ಒಂದು ಶೋಧ ಎಲ್ಲರ ತಿಳಿವಳಿಕೆಯಲ್ಲಿ ಬೆರೆತುಹೋದ ಮೇಲೆ ಅದರ ಮೂಲವನ್ನು ಯಾರೂ ಹೆಸರಿಸುವುದಿಲ್ಲವೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಬಹಳ ಹಿಂದೆಯೇ ಗುರುತಿಸಿದ್ದರು. ಶಿಬಿರೆ ಬಳಸುವವರು 2001ರ ಲೇಖನವನ್ನು ಹೆಸರಿಸುತ್ತಾರೆ, ಕೋಮಟೋಸ್ ಬಳಸುವವರು 1995ರದನ್ನು. ಎಚ್-ಸೂಚ್ಯಂಕ ಎಂಬ ಅಳತೆ ಹುಟ್ಟಿದ್ದೇ 2005ರಲ್ಲಿ. ಅಷ್ಟರಲ್ಲಿ ಸಿದ್ದಿಕಿ ಅವರಿಗೆ ಎಪ್ಪತ್ತು ದಾಟಿತ್ತು. ಕಡಿಮೆ ಬರೆದು, ಬರೆದದ್ದನ್ನು ಹತ್ತು ಸಲ ಪರೀಕ್ಷಿಸುತ್ತಿದ್ದ ತಲೆಮಾರಿನವರನ್ನು ಆ ಕೋಲಿನಿಂದ ಅಳೆಯುವುದು ಸರಿಯಲ್ಲ.

ಮತ್ತೊಂದು ಮಾತು. ಅವರನ್ನು ನರವಿಜ್ಞಾನಿ ಎಂದಷ್ಟೇ ಬರೆದರೆ ಗ್ಯಾರನ್ ಜೊತೆ ಮಾಡಿ 1962ರಲ್ಲಿ ಪ್ರಕಟಿಸಿದ ಕೆಲಸ ಬಿಟ್ಟುಹೋಗುತ್ತದೆ. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನು ಅರ್ಧಕ್ಕೇ ನಿಂತುಹೋಗುವ ಕೆಲವು ದೋಷಗಳನ್ನು ಬೇರೊಂದು ವಂಶವಾಹಿಯ ಬದಲಾವಣೆ ಸರಿಪಡಿಸಬಲ್ಲದು ಎಂದು ತೋರಿಸಿದ ಆ ಕೆಲಸ, ವಂಶವಾಹಿಯ ಭಾಷೆಯಲ್ಲಿ 'ಇಲ್ಲಿಗೆ ನಿಲ್ಲಿಸು' ಎಂಬ ಸಂಕೇತಗಳಿವೆ ಎಂಬ ಅರಿವಿನ ಮೊದಲ ಮೆಟ್ಟಿಲುಗಳಲ್ಲಿ ಒಂದು. ಕೆಟ್ಟದ್ದನ್ನು ಹುಡುಕಿ ಕೆಟ್ಟಿದ್ದೆಲ್ಲಿ ಎಂದು ಕೇಳುವ ಅಭ್ಯಾಸ ಅವರಿಗೆ ಬಂದದ್ದು ಅಲ್ಲಿಂದ. ನೊಣಕ್ಕೆ ಬಂದಾಗ ಜೀವಿ ಬದಲಾಯಿತು, ಕೇಳುವ ಕ್ರಮ ಹಾಗೆಯೇ ಉಳಿಯಿತು.

ಪ್ರಶ್ನೆ ಕೇಳಿದವರ ಮರುಮಾತು — ಪ್ರಾಣಿಶಾಸ್ತ್ರ ಬೋಧಕ, ಧಾರವಾಡ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಓಲ್ಫ್-ಡಿ ಮತ್ತು ಪ್ಯಾರ ಒಂದೇ ಎಂಬುದು ನನಗೆ ಗೊತ್ತೇ ಇರಲಿಲ್ಲ. ಲೇಖನದ ನಡುಭಾಗವನ್ನು ಅದರ ಸುತ್ತ ಮತ್ತೆ ಕಟ್ಟುತ್ತೇನೆ. ಇನ್ನೊಂದು ಸಂದೇಹ. ಅವರು ಕಟ್ಟಿದ ಸಂಸ್ಥೆಯನ್ನು ವಿದ್ವತ್ತಿನ ಪ್ರಭಾವ ಎಂದು ಎಣಿಸಬಹುದೇ, ಅಥವಾ ಅದನ್ನು ಆಡಳಿತದ ಸಾಧನೆಯೆಂದು ಬೇರೆ ಅಧ್ಯಾಯದಲ್ಲಿ ಇಡಬೇಕೇ? ನಾನು ನೋಡಿದ ಹೆಚ್ಚಿನ ಬರಹಗಳು ಸಂಸ್ಥೆಯನ್ನೇ ಮುಂದಿಟ್ಟು ವಿಜ್ಞಾನವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ.

ಉತ್ತರ 3 — ಬಳ್ಳಾರಿ ರಸ್ತೆಯ ಸಂಶೋಧಕ

ನಾನು ಬೆಂಗಳೂರಿನಲ್ಲಿ ಕೀಟಗಳ ನಡವಳಿಕೆಯ ಬಗ್ಗೆ ಸಂಶೋಧನೆ ಮಾಡುತ್ತಿರುವವನು. ನಿಮ್ಮ ಸಂದೇಹ ಸರಿಯಾದುದೇ. ಕಟ್ಟಡ, ಅನುದಾನ, ಹುದ್ದೆಗಳ ಲೆಕ್ಕವನ್ನು ಬೇರೆ ಇಡಿ. ಆದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಹುಟ್ಟಿನಲ್ಲಿ ಒಂದು ವೈಜ್ಞಾನಿಕ ನಿಲುವು ಇತ್ತು, ಅದನ್ನು ಬಿಡಬೇಡಿ. ಆ ಕಾಲದಲ್ಲಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೀವರಸಾಯನ ಎಂದು ಗೋಡೆಗಳಿದ್ದವು. ಭೌತವಿಜ್ಞಾನಿ ಜೀವಕೋಶ ಮುಟ್ಟುವಂತಿರಲಿಲ್ಲ. ಟಾಟಾ ಸಂಸ್ಥೆಯೊಳಗೆ ಭೌತವಿಜ್ಞಾನಿಗಳ ನಡುವೆ ಜೀವವಿಜ್ಞಾನ ಮಾಡಿದ್ದ ಸಿದ್ದಿಕಿ, ಬೆಂಗಳೂರಿನಲ್ಲಿ ಆ ಗೋಡೆಗಳಿಲ್ಲದ ಕೇಂದ್ರವನ್ನು ಕಟ್ಟಲು ವರ್ಷಗಟ್ಟಲೆ ಓಡಾಡಿದರು. 1990ರ ದಶಕದ ಆರಂಭದಲ್ಲಿ ಅದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ತಾತ್ಕಾಲಿಕವಾಗಿ ನೆಲೆ ಕಂಡು, ಆಮೇಲೆ ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ಬಂತು. ಅದೇ ದಶಕದ ನಡುವಿನಲ್ಲಿ ಅವರು ನಿರ್ದೇಶಕ ಸ್ಥಾನವನ್ನು ಕೆ. ವಿಜಯರಾಘವನ್ ಅವರಿಗೆ ಬಿಟ್ಟುಕೊಟ್ಟು ಪೂರ್ತಿಯಾಗಿ ನೊಣಗಳತ್ತ ಮರಳಿದರು. ಇಂಥ ಹುದ್ದೆಯಿಂದ ಇಳಿದವರು ಸಾಮಾನ್ಯವಾಗಿ ಸಮಿತಿಗಳತ್ತ ಹೋಗುತ್ತಾರೆ. ಇವರು ಪ್ರಯೋಗದ ಮೇಜಿಗೆ ಹೋದರು. ನನ್ನ ಮಟ್ಟಿಗೆ ಅವರ ವೃತ್ತಿಜೀವನದಲ್ಲಿ ತೂಕದ ಸಂಗತಿ ಇದು.

2009ರಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ಅವರು ಕಿರಿಯ ಸಹೋದ್ಯೋಗಿಗಳ ಜೊತೆ 'ಜರ್ನಲ್ ಆಫ್ ಬಯೋಸೈನ್ಸಸ್' ಪತ್ರಿಕೆಯಲ್ಲಿ ನೊಣದ ಮರಿಹುಳುಗಳ ಕಲಿಕೆಯ ಬಗ್ಗೆ ಲೇಖನ ಪ್ರಕಟಿಸಿದರು. ಅಕ್ಕಿಕಾಳಿಗಿಂತ ಸಣ್ಣ ಬಿಳಿ ಹುಳುವಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಆಮೇಲೆ ಅಗರ್ ತಟ್ಟೆಯ ನಡುವೆ ಬಿಟ್ಟು, ಆ ವಾಸನೆಯಿಂದ ಅದು ದೂರ ಸರಿಯುತ್ತದೆಯೇ, ಸರಿದರೆ ಆ ನೆನಪು ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡುವ ಪ್ರಯೋಗ. ಇಂಥ ಹುಳುಗಳನ್ನು ನಾನೂ ಎಣಿಸಿದ್ದೇನೆ. ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ ತೊಳೆದು ಇಡಬೇಕು. ಸ್ವಲ್ಪ ಒತ್ತಿದರೆ ಸಾಯುತ್ತದೆ, ಸ್ವಲ್ಪ ಯೀಸ್ಟ್ ಅಂಟಿಕೊಂಡು ಉಳಿದರೆ ಆ ವಾಸನೆಗೇ ತಿರುಗಿ ಲೆಕ್ಕ ಕೆಡುತ್ತದೆ. ವಾಸನೆ ಮತ್ತು ನೆನಪು ಮಿದುಳಿನಲ್ಲಿ ಎಲ್ಲಿ ಸೇರುತ್ತವೆ ಎಂಬುದು 1970ರ ದಶಕದಿಂದ ಅವರು ಕೈಬಿಡದ ಪ್ರಶ್ನೆ. ಬೇಗ ಉತ್ತರ ಸಿಗುವ ಬೇರೆ ಪ್ರಶ್ನೆಗಳು ಎದುರಿಗೇ ಇದ್ದವು.

ಆ ಪತ್ರಿಕೆಯ ಬಗ್ಗೆಯೂ ಒಂದು ಮಾತು ಬರೆಯಿರಿ. ಅದನ್ನು ಹೊರತರುವುದು ಬೆಂಗಳೂರಿನಲ್ಲೇ ಇರುವ ಭಾರತೀಯ ವಿಜ್ಞಾನ ಅಕಾಡೆಮಿ. 1978ರ ವಾಸನೆಯ ಲೇಖನ ಪ್ರಕಟವಾದದ್ದೂ ಇದೇ ಅಕಾಡೆಮಿಯ ಪತ್ರಿಕೆಯಲ್ಲಿ. ಮಹತ್ವದ ಫಲಿತಾಂಶವನ್ನು ದೇಶದ ಪತ್ರಿಕೆಗೆ ಕೊಡುವುದು ಆಗಲೂ ಈಗಲೂ ಉಲ್ಲೇಖದ ಲೆಕ್ಕದಲ್ಲಿ ನಷ್ಟದ ಬಾಬ್ತು. ಅನೇಕ ವಿದೇಶಿ ಗ್ರಂಥಾಲಯಗಳಿಗೆ ಅದು ಆಗ ತಲುಪುತ್ತಲೇ ಇರಲಿಲ್ಲ. ಆದರೂ ಈ ಕ್ಷೇತ್ರದವರು ಆ ಲೇಖನವನ್ನು ಹುಡುಕಿಕೊಂಡು ಹೋಗಿ ಓದಿದರು. ಮೇಲೆ ಹೇಳಿದ ಸ್ಮೆಲ್‌ಬ್ಲೈಂಡ್ ಬಳಗ ತಮ್ಮ ತಳಿಯನ್ನು ಓಲ್ಫ್-ಡಿ ಜೊತೆ ಹೋಲಿಸಿ ನೋಡಿದ್ದೇ ಅದಕ್ಕೆ ಸಾಕ್ಷಿ.

ಎರಡನೆಯ ಉತ್ತರದವರ ಜೊತೆ ನನ್ನದೊಂದು ಸಣ್ಣ ತಕರಾರಿದೆ. ವೆರೋನಿಕಾ ರೋಡ್ರಿಗ್ಸ್ ಅವರನ್ನು 1978ರ ಲೇಖನದ ಜೊತೆಗಾರರಾಗಿ ಮಾತ್ರ ಹೆಸರಿಸಿದ್ದೀರಿ. ನೈರೋಬಿಯಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಓದಿ, ಸಂಶೋಧನೆಗೆಂದು ಮುಂಬಯಿಗೆ ಬಂದ ಅವರು, ನೊಣದ ಮಿದುಳಿನಲ್ಲಿ ಬೇರೆ ಬೇರೆ ವಾಸನೆಗಳಿಗೆ ನರತುದಿಗಳ ಬೇರೆ ಬೇರೆ ಗುಂಪುಗಳು ಮಿಡಿಯುತ್ತವೆ ಎಂದು 1980ರ ದಶಕದಲ್ಲೇ, ಗ್ರಾಹಕಗಳು ಪತ್ತೆಯಾಗುವುದಕ್ಕೆ ಎಷ್ಟೋ ಮುಂಚೆ, ತೋರಿಸಿದವರು. ಆಮೇಲೆ ವಾಸನೆಯ ನರಜಾಲ ಬೆಳವಣಿಗೆಯ ಹಂತದಲ್ಲಿ ಹೇಗೆ ರೂಪುಗೊಳ್ಳುತ್ತದೆ ಎಂಬುದರಲ್ಲಿ ತಮ್ಮದೇ ದಾರಿ ಮಾಡಿಕೊಂಡರು. 2010ರ ನವೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಗುರುವಿನ ಪ್ರಭಾವವನ್ನು ಬರೆಯುವಾಗ ಶಿಷ್ಯೆಯನ್ನು ಅದರ ಒಂದು ಬಾಬ್ತಾಗಿ ತೋರಿಸುವ ತಪ್ಪು ಎಷ್ಟೋ ಬರಹಗಳಲ್ಲಿ ನಡೆದಿದೆ; ನಿಮ್ಮ ಲೇಖನದಲ್ಲಿ ಅದು ಆಗದಿರಲಿ. ಸಾಧ್ಯವಾದರೆ ಸಂಪಾದಕರಿಗೆ ಹೇಳಿ ಅವರಿಗೇ ಪ್ರತ್ಯೇಕ ಲೇಖನವೊಂದನ್ನು ಇಡಿಸಿ.

ಉತ್ತರ 2ರ ಲೇಖಕರಿಂದ — ವಿಜ್ಞಾನ ಚರಿತ್ರೆಯ ಓದುಗ

ತಕರಾರು ನ್ಯಾಯವಾದುದು, ತಿದ್ದಿಕೊಂಡೆ. 1978ರ ಲೇಖನದಲ್ಲಿ ಅವರ ಹೆಸರೇ ಮೊದಲು ಇರುವುದನ್ನೂ ನಾನು ಒತ್ತಿ ಹೇಳಬೇಕಿತ್ತು. ಸಂಸ್ಥೆಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂದು ಕೇಂದ್ರದಲ್ಲಿ ಆಮೇಲೆ ನಡೆದ ಒಳ್ಳೆಯ ಕೆಲಸವೆಲ್ಲ ಅದನ್ನು ಕಟ್ಟಿದವರ ವಿದ್ವತ್ತಿನ ಫಲವೆಂದು ಬರೆಯಲು ಹೊರಟರೆ ಆ ಪಟ್ಟಿಗೆ ಕೊನೆಯಿಲ್ಲ. ಸಿದ್ದಿಕಿ ಅವರ ಪ್ರಶ್ನೆಯನ್ನೇ, ಅಂದರೆ ವಾಸನೆ, ರುಚಿ, ಕಲಿಕೆಗಳ ನರತಳಿವಿಜ್ಞಾನವನ್ನೇ, ಅಲ್ಲಿ ಮುಂದುವರಿಸಿದವರ ಕೆಲಸವನ್ನು ಮಾತ್ರ ಈ ಅಧ್ಯಾಯಕ್ಕೆ ತನ್ನಿ.

ಪ್ರಶ್ನೆ ಕೇಳಿದವರಿಂದ — ಪ್ರಾಣಿಶಾಸ್ತ್ರ ಬೋಧಕ, ಧಾರವಾಡ

ಎಲ್ಲರಿಗೂ ಋಣಿಯಾಗಿದ್ದೇನೆ. ಚೌಕಟ್ಟಿನಲ್ಲಿ ಸಂಖ್ಯೆಯ ಬದಲು ಕೋಮಟೋಸ್ ನೊಣದ ಕಥೆಯನ್ನು, 1976, 1988, 1995, 2013 ಎಂಬ ನಾಲ್ಕು ಇಸವಿಗಳ ಜೊತೆ ಕೊಡಲು ಅನುಮತಿ ಕೇಳಿ ಸಂಪಾದಕರಿಗೆ ಇಂದೇ ಬರೆದಿದ್ದೇನೆ. ರೋಡ್ರಿಗ್ಸ್ ಅವರಿಗೆ ಪ್ರತ್ಯೇಕ ಲೇಖನ ಬೇಕೆಂಬ ಮಾತನ್ನೂ ಅದೇ ಪತ್ರದಲ್ಲಿ ಸೇರಿಸಿದೆ. ಕೊನೆಯದಾಗಿ ಒಂದು ಭಾಷೆಯ ಪ್ರಶ್ನೆ: ಕೋಮಟೋಸ್ ಎಂಬುದನ್ನು 'ಮೂರ್ಛೆ' ಎಂದು ಕನ್ನಡಿಸಿದರೆ ತಪ್ಪಾದೀತೇ?

ಉತ್ತರ — ಗಂಗೋತ್ರಿಯ ಹಳೆಯ ವಿದ್ಯಾರ್ಥಿನಿ

ಸರ್, ಹೆಸರನ್ನು ಹಾಗೆಯೇ ಇಟ್ಟು, ಮೊದಲ ಸಲ ಬಂದಾಗ ಪಕ್ಕದಲ್ಲಿ ಅರ್ಥ ಹೇಳಿಬಿಡಿ. ತಳಿಯ ಹೆಸರನ್ನು ಅನುವಾದಿಸಿದರೆ ಮುಂದೆ ಹುಡುಕುವ ವಿದ್ಯಾರ್ಥಿಗೆ ಜಾಡು ತಪ್ಪುತ್ತದೆ. ಅಲ್ಲದೆ ನಮ್ಮ ಕಡೆ ಮೂರ್ಛೆರೋಗವೆಂದರೆ ಅಪಸ್ಮಾರವೆಂದೇ ಹಲವರು ತಿಳಿಯುತ್ತಾರೆ. ಪ್ಯಾರ ವಂಶವಾಹಿಯ ಕೆಲವು ದೋಷಗಳಿಂದ ನೊಣಕ್ಕೆ ನಿಜವಾಗಿಯೂ ಅಪಸ್ಮಾರದಂಥ ಸೆಳೆತ ಬರುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. 'ಬಿಸಿಗೆ ಒರಗಿ ಬಹಳ ಹೊತ್ತು ಏಳದ ನೊಣ' ಎಂದು ಬರೆದರೆ ಸಾಕು, ನಿಮ್ಮ ವಿದ್ಯಾರ್ಥಿನಿಗೆ ಅದು ಕಣ್ಣಿಗೆ ಕಟ್ಟುತ್ತದೆ. ಆಕೆಗೆ ನೊಣ ನೋಡುವ ಆಸೆಯಿದ್ದರೆ ಮೈಸೂರಿಗೆ ಒಮ್ಮೆ ಕರೆದುಕೊಂಡು ಹೋಗಿ. ಸೂಕ್ಷ್ಮದರ್ಶಕದ ಕೆಳಗೆ ನೊಣದ ಕಾಲಿಗೆ ಸಕ್ಕರೆ ನೀರಿನ ಹನಿ ತಾಗಿಸಿದರೆ ಅದರ ಸೊಂಡಿಲು ತಾನಾಗಿ ಹೊರಚಾಚುವುದನ್ನು ಅರ್ಧ ಗಂಟೆಯಲ್ಲಿ ತೋರಿಸಬಹುದು. ರುಚಿ ತಿಳಿಯದ ತಳಿಗಳ ಬಗ್ಗೆ ರೋಡ್ರಿಗ್ಸ್ ಮತ್ತು ಸಿದ್ದಿಕಿ 1981ರಲ್ಲಿ ಪ್ರಕಟಿಸಿದ ಕೆಲಸಕ್ಕೆ ಹೋಗುವ ದಾರಿ ಆ ಸೊಂಡಿಲಿನಿಂದಲೇ ಶುರುವಾಗುತ್ತದೆ.